ನಲವತ್ತೆರಡು ಹೆಜ್ಜೆ

ನೀರಣ್ಣನ ಕೈಯಲ್ಲಿ ಮೂವತ್ತಾರು ವರ್ಷಗಳಿಂದ ಒಂದೇ ಕೀಲಿ. ಬೀಗದ ಕೀಲಿಯಲ್ಲ. ಎದೆಯೆತ್ತರದ ಕಬ್ಬಿಣದ ಸಲಾಕೆ. ಮೇಲೆ ಅಡ್ಡ ಹಿಡಿ, ಕೆಳಗೆ ಚೌಕ ಬಾಯಿ. ರಸ್ತೆಯ ಮುಚ್ಚಳ ಎತ್ತಿ, ಗುಂಡಿಯೊಳಗಿನ ವಾಲ್ವಿನ ತಲೆಗೆ ಆ ಬಾಯಿ ಕೂರಿಸಿ, ಎರಡು ಕೈಯಿಂದ ತಿರುಗಿಸಿದರೆ ಒಂದು ಬೀದಿಗೆ ನೀರು ಹೋಗುತ್ತದೆ. ಹಿಂದಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ನಗರದ ನೀರಿನ ಕಚೇರಿಯಲ್ಲಿ ಅವನಿಗೊಂದು ಹೆಸರಿತ್ತು. ಗುಮಾಸ್ತ ಹಾಜರಿ ಕೂಗಿದಾಗ ಮಾತ್ರ ಅದು ಅವನಿಗೇ ನೆನಪಾಗುತ್ತಿತ್ತು. ಉಳಿದವರಿಗೆಲ್ಲ ಅವನು ನೀರಣ್ಣ.

ಅವನು ಕೆಲಸಕ್ಕೆ ಸೇರಿದಾಗ ಅವನ ಪಾಲಿಗಿದ್ದದ್ದು ಒಂಬತ್ತು ಗುಂಡಿ. ನಗರ ಬೆಳೆಯಿತು. ಬೆಳಗ್ಗೆ ಬಯಲಿದ್ದ ಜಾಗದಲ್ಲಿ ಸಂಜೆಗೆ ಬಾಡಿಗೆಯ ಫಲಕ ನೇತಾಡುವಂಥ ಬೆಳವಣಿಗೆ. ಒಂಬತ್ತು ಗುಂಡಿ ಮೂವತ್ತೊಂದಾಯಿತು. ಈ ಮೂವತ್ತೊಂದೂ ಎಲ್ಲೆಲ್ಲಿವೆ ಎಂಬ ನಕ್ಷೆ ಕಚೇರಿಯಲ್ಲಿರಲಿಲ್ಲ. ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುವಾಗ ಅದು ಎಲ್ಲೋ ಕಳೆದುಹೋಗಿತ್ತು. ನಕ್ಷೆ ಇದ್ದದ್ದು ನೀರಣ್ಣನ ಮನೆಯ ಗೂಡಿನಲ್ಲಿ, ರಟ್ಟು ಹರಿದ ಒಂದು ನೋಟುಬುಕ್ಕಿನಲ್ಲಿ. ಅವನಿಗೆ ಓದಲು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ಬರೆದವಳು ಹೆಂಡತಿ. 'ಐದನೇ ಗುಂಡಿ: ಔಷಧದಂಗಡಿಯ ಮೂಲೆಯಿಂದ ಹದಿಮೂರು ಹೆಜ್ಜೆ, ಎಡಗಡೆ.' 'ಹದಿನೇಳನೇ ಗುಂಡಿ: ಹಿಟ್ಟಿನ ಗಿರಣಿಯ ಮೆಟ್ಟಿಲಿಂದ ಏರಿನ ಕಡೆಗೆ ನಲವತ್ತೆರಡು ಹೆಜ್ಜೆ.' ಹೀಗೆ, ದುಂಡಗಿನ ಅಕ್ಷರದಲ್ಲಿ. ಮಣ್ಣೋ ಡಾಂಬರೋ ಬಿದ್ದು ಮುಚ್ಚಳ ಕಾಣದಾದಾಗ ನೀರಣ್ಣ ಹೆಜ್ಜೆ ಎಣಿಸಿ, ಕೀಲಿಯಿಂದ ನೆಲ ಕುಟ್ಟಿ, ಠಣ್ ಎಂದ ಕಡೆ ಅಗೆಯುತ್ತಿದ್ದ. ಒಮ್ಮೆಯೂ ತಪ್ಪಿರಲಿಲ್ಲ.

ಆ ಹದಿನೇಳನೇ ಗುಂಡಿಯದೇ ಈ ಕಥೆ. ಅದು ಮೇಲಿನ ಬೀದಿಯ ವಾಲ್ವು. ಮೇಲಿನ ಬೀದಿಯಲ್ಲಿ ತೊಂಬತ್ತು ಮನೆ, ಅದರಲ್ಲೊಂದು ನೀರಣ್ಣನದು. ಆ ಮನೆಯಲ್ಲಿ ಮೂವರಿದ್ದರು: ಅವನು, ಹೆಂಡತಿ, ಗಂಡನನ್ನು ಕಳೆದುಕೊಂಡು ತಮ್ಮನ ಆಸರೆಗೆ ಬಂದ ಅಕ್ಕ. ಎತ್ತರದ ಬೀದಿಯಾದ್ದರಿಂದ ಎಂದೂ ನೀರು ಧಾರಾಳವಾಗಿ ಬಂದದ್ದಿಲ್ಲ. ಬಂದರೆ ದಾರದಷ್ಟು. ಆ ದಾರವನ್ನೇ ಹಿಡಿದು ತೊಂಬತ್ತು ಮನೆಯವರು ಬದುಕಿದ್ದರು.

ಕೊನೆಗೆ ಸರ್ಕಾರದ ಕಣ್ಣು ಆ ಕಡೆ ಬಿತ್ತು. ಒಂದೇ ವರ್ಷದಲ್ಲಿ ಎರಡು ದೊಡ್ಡ ಕೆಲಸ. ದಿಣ್ಣೆಯ ಮೇಲೆ ಆನೆಗಳನ್ನು ಈಜಿಸುವಷ್ಟು ದೊಡ್ಡ ನೀರಿನ ತೊಟ್ಟಿ; ಕೆಳಗೆ, ಹಳೆಯದರ ಎರಡರಷ್ಟು ಅಗಲದ ಬಿಳಿ ಕಾಂಕ್ರೀಟಿನ ರಸ್ತೆ. ನಗುವ ಮುಖಗಳ ಫಲಕ ಎರಡಕ್ಕೂ ಎದ್ದಿತು. ತೊಟ್ಟಿ ನೀರಿನ ಇಲಾಖೆಯದು, ರಸ್ತೆ ರಸ್ತೆ ಇಲಾಖೆಯದು. ಎರಡಕ್ಕೂ ಒಂದೇ ಕಟ್ಟಡ, ಮಹಡಿ ಬೇರೆ. ಒಬ್ಬರ ಮುಖ ಒಬ್ಬರು ಕಾಣುತ್ತಿದ್ದದ್ದು ಲಿಫ್ಟ್ ಕೆಟ್ಟು ಎಲ್ಲರೂ ಮೆಟ್ಟಿಲು ಹತ್ತಬೇಕಾದ ದಿನ ಮಾತ್ರ.

"ಇನ್ನು ನೀನು ಕೀಲಿ ತಿರುಗಿಸೋದೇ ಬೇಡ, ನೀರು ತಾನಾಗೇ ಹತ್ತಿ ಬರುತ್ತೆ ಬಿಡು," ಎಂದು ಅಕ್ಕ ಹಾಸ್ಯ ಮಾಡಿದ್ದಳು.

"ನಾನು ತಿರುಗಿಸದೆ ಬರೋ ನೀರು ಕಣ್ಣೀರು ಒಂದೇ," ಎಂದು ಅವನೂ ನಕ್ಕಿದ್ದ. ಹೆಂಡತಿ, "ಥೂ, ಒಳ್ಳೆ ಮಾತಾಡಬಾರದಾ," ಎಂದು ಗದರಿದ್ದಳು.

ಗಿರಣಿಯ ಮುಂದೆ ಕಾಂಕ್ರೀಟು ಸುರಿಯುವ ದಿನ ರಸ್ತೆಯ ಮೇಸ್ತ್ರಿ ಬೆಳಗ್ಗೆಯೇ ನೀರಣ್ಣನನ್ನು ಕರೆಸಿದ. "ಯಜಮಾನ್ರೇ, ರೋಲರ್ ಓಡಿಸ್ತೀವಿ. ಹಳೆ ಪೈಪು, ಒಳಗೆ ನೀರಿನ ಒತ್ತಡ ಇದ್ರೆ ಒಡೆದೀತು. ಮೇಲಿನ ಬೀದೀದು ಬಂದ್ ಮಾಡ್ಬಿಡಿ. ನಾಳೆ ಬಿಡೀರಂತೆ." ನೀರಣ್ಣ ಮುಚ್ಚಳ ಎತ್ತಿ ಇಪ್ಪತ್ತಾರು ಸುತ್ತು ತಿರುಗಿಸಿ ಬಂದ್ ಮಾಡಿದ.

ನೀರು ಬಿಡುವವರಲ್ಲಿ ಒಂದು ಕಟ್ಟುಪಾಡಿದೆ. ಕೆಲಸ ಅರ್ಧಕ್ಕಿದ್ದರೆ ಕೀಲಿಯನ್ನು ವಾಲ್ವಿನ ಮೇಲೆಯೇ ನಿಲ್ಲಿಸಿ ಹೋಗಬೇಕು. ನಿಂತ ಕೀಲಿ ಕಂಡರೆ ಯಾವ ಮೇಸ್ತ್ರಿಯೂ ಆ ಗುಂಡಿ ಮುಟ್ಟುವುದಿಲ್ಲ. ಅದರ ಸುತ್ತ ಇಟ್ಟಿಗೆ ಕಟ್ಟಿ, ಹೊಸ ರಸ್ತೆಯ ಮಟ್ಟಕ್ಕೆ ಗುಂಡಿಯನ್ನು ಎತ್ತರಿಸಿಕೊಡುತ್ತಾನೆ. ಬರಹವಿಲ್ಲ, ರುಜುವಿಲ್ಲ; ಕೀಲಿ ನಿಂತಿದೆ, ಅಷ್ಟೇ.

ಕೊನೆಯ ಸುತ್ತು ಮುಗಿದು ಅವನು ಹಣೆ ಒರೆಸಿಕೊಳ್ಳುತ್ತಿದ್ದಾಗ ಗಿರಣಿಯವನು ಮೈಯೆಲ್ಲ ಹಿಟ್ಟಾಗಿ ಓಡಿಬಂದ. "ನೀರಣ್ಣ, ನಿಮ್ಮನೆಯವರು ಹಿತ್ತಲಲ್ಲಿ ಬಿದ್ದುಬಿಟ್ರಂತೆ. ಅಕ್ಕ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ರು. ಓಡಿ!"

ನೀರಣ್ಣ ಓಡಿದ. ಮೂವತ್ತಾರು ವರ್ಷದ ಕೈಯ ರೂಢಿ. ಕೀಲಿಯೂ ಜೊತೆಗೆ ಬಂತು. ಅದು ಕೈಯಲ್ಲಿದೆ ಎಂದು ಅವನಿಗೆ ತಿಳಿದದ್ದು ಆಸ್ಪತ್ರೆಯ ಬಾಗಿಲಲ್ಲಿ, ಕಾವಲುಗಾರ ಅಡ್ಡ ನಿಂತಾಗ.

"ಏಯ್, ಏನದು ಕೈಯಲ್ಲಿ? ಆಯುಧ ಹಿಡ್ಕೊಂಡು ಒಳಗೆ ಬರೋ ಹಾಗಿಲ್ಲ."

"ಆಯುಧ ಅಲ್ಲಪ್ಪ, ನೀರಿನ ಕೀಲಿ."

"ಯಾವ ನೀರಿಗೆ ಇಷ್ಟುದ್ದ ಕೀಲಿ? ನನ್ನ ಕಿವಿಗೇ ಹೂ ಇಡ್ತೀಯಾ? ಆಚೆ ಇಟ್ಟು ಬಾ."

ಗೋಡೆಗೆ ಒರಗಿಸಿದ, ಅದು ಜಾರಿ ಬಿತ್ತು, ಮತ್ತೆ ಒರಗಿಸಿದ. ಮೇಲೆ ಹೋಗುವ ಹೊತ್ತಿಗೆ ಅಕ್ಕ ಬೆಂಚಿನ ಮೇಲೆ ಬಾಯಿಗೆ ಸೆರಗು ಒತ್ತಿ ಕೂತಿದ್ದಳು. ಒಳಗೆ ಹೆಂಡತಿಯ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಆ ಕಾವಲುಗಾರ ತಡೆಯದಿದ್ದರೆ ಒಂದು ಮಾತಿಗೆ ಸಿಕ್ಕುತ್ತಿದ್ದಳೋ ಏನೋ. ಹಾಗೆಂದು ಅವನನ್ನು ದೂರುವುದೂ ಸಲ್ಲದು. ಕರೆಯುವವನು ಕರೆಯುವಾಗ ನಮ್ಮನ್ನು ಕೇಳುವುದಿಲ್ಲ. ಯಾಕೆ ಇಂದು, ಯಾಕೆ ಈ ಗಳಿಗೆ ಎಂದು ಕೇಳಿದವರು ಎಷ್ಟೋ ಜನ. ಉತ್ತರ ಬಂದದ್ದನ್ನು ಕೇಳಿದವರಿಲ್ಲ.

ಹತ್ತು ದಿನ ಅವನು ಮನೆಬಿಟ್ಟು ಹೊರಡಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬುದೂ ಅವನ ಮನಸ್ಸಿಗೆ ತಾಕಲಿಲ್ಲ. ಸಾವಿನ ಮನೆಗೆ ನೆರೆಯವರೇ ಕೆಳಗಿನಿಂದ ಕೊಡ ಹೊತ್ತು ತಂದಿಟ್ಟರು. ಹನ್ನೊಂದನೆಯ ದಿನ ಕೀಲಿ ಹೆಗಲಿಗಿಟ್ಟು ಇಳಿದರೆ, ಗಿರಣಿಯ ಮುಂದೆ ರಸ್ತೆ ಒಗೆದ ಪಂಚೆಯ ಹಾಗೆ ಬೆಳ್ಳಗೆ ಚಾಚಿ ಮಲಗಿತ್ತು. ಎಲ್ಲಿಯೂ ಒಂದು ಮುಚ್ಚಳವಿಲ್ಲ. ದಿನಾ ಕಣ್ಣಂದಾಜಿಗೆ ಸಿಗುತ್ತಿದ್ದ ಗೋಡೆ, ಮರ, ಚರಂಡಿ ಯಾವುದೂ ಉಳಿದಿರಲಿಲ್ಲ.

"ಕೀಲಿ ನಿಂತಿದ್ರೆ ನಾವು ಮುಟ್ತಿರ್ಲಿಲ್ಲ ಯಜಮಾನ್ರೇ," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಕೇಡಿರಲಿಲ್ಲ. "ಕೀಲಿ ಇರ್ಲಿಲ್ಲ. ಹಳೇದು, ಬಿಟ್ಟುಬಿಟ್ಟ ಗುಂಡಿ ಅಂದ್ಕೊಂಡು ನಮ್ಮ ಹುಡುಗ್ರು ಸುರಿದುಬಿಟ್ರು. ಆ ಪಾಳಿಯೋರು ಈಗ ಬೇರೆ ಕಡೆ ಕೆಲಸಕ್ಕೆ ಹೋದ್ರು. ಜಾಗ ನನಗೂ ಗೊತ್ತಿಲ್ಲ."

ನೀರಣ್ಣ ಕೀಲಿಯನ್ನು ಮತ್ತೆ ಹೆಗಲಿಗಿಟ್ಟು ಏರು ಹತ್ತಿದ.

ಅದೇ ವಾರ ದಿಣ್ಣೆಯ ತೊಟ್ಟಿ ತುಂಬಿತು. ಕೆಳಗಿನ ಬೀದಿಗಳಲ್ಲಿ ನಲ್ಲಿ ತಿರುವಿದರೆ ಬಕೆಟ್ಟು ಕೈಯಿಂದ ಹಾರುವಷ್ಟು ರಭಸ. ಮೇಲಿನ ಬೀದಿಯ ತೊಂಬತ್ತು ಮನೆಯಲ್ಲಿ ನಲ್ಲಿ ಉಸ್ ಎನ್ನಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಹಾಗೆ. ಆ ಪೂಜಾರಿ ತಾನೇ ಎಂದು ನೀರಣ್ಣನಿಗೆ ಗೊತ್ತಿತ್ತು.

ದಿನ ಬಿಟ್ಟು ದಿನ ಟ್ಯಾಂಕರು ಬರತೊಡಗಿತು. ಏರು ಹತ್ತಲಾರದೆ ಅದು ಗಿರಣಿಯ ಹತ್ತಿರವೇ ನಿಲ್ಲುತ್ತಿತ್ತು. ಅಲ್ಲಿಂದ ಕೊಡ ಹೊತ್ತು ಏರಬೇಕು. ಅಕ್ಕನಿಗೆ ಎಪ್ಪತ್ತೊಂದು ವರ್ಷ, ಎರಡೂ ಮಂಡಿ ಸವೆದಿದ್ದವು. ನೀರಣ್ಣ ತನ್ನ ಮೂವತ್ತು ಬೀದಿಗಳಿಗೆ ನೀರು ಬಿಟ್ಟು ಮನೆಗೆ ಬರುವಷ್ಟರಲ್ಲಿ ಟ್ಯಾಂಕರು ಹೋಗಿಬಿಡುತ್ತಿತ್ತು. ಹಾಗಾಗಿ ಸಾಲಿನಲ್ಲಿ ಅಕ್ಕನೇ ನಿಲ್ಲಬೇಕು.

"ಊರಿಗೆಲ್ಲ ನೀರು ಬಿಡೋನ ಅಕ್ಕ ಟ್ಯಾಂಕರ್ ಹತ್ರ!" ಎಂದು ಸಾಲಿನಲ್ಲಿ ಯಾರಾದರೂ ಅನ್ನದ ದಿನವಿಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ ಕಣಮ್ಮ," ಎಂದು ಅಕ್ಕ ತಾನೇ ಗಾದೆ ಸೇರಿಸಿ ಬಾಯಿ ಮುಚ್ಚಿಸುತ್ತಿದ್ದಳು. ಮನೆಗೆ ಬಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು, ತಮ್ಮನಿಗೆ ಮುಖ ಕಾಣದಿರಲೆಂದು.

ನೀರಣ್ಣ ಕಚೇರಿಗೆ ಹೋದ. ನೀರಿನ ಇಲಾಖೆಯ ಇಂಜಿನಿಯರು ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ಅವಳ ಮೇಜಿನ ಮೇಲೆ ಅರ್ಜಿಗಳ ಗುಡ್ಡೆ, ಅದು ಹಾರದಂತೆ ಒಂದು ಮುರಿದ ನಲ್ಲಿ. ಅವಳು ಪೂರ್ತಿ ಕೇಳಿದಳು, ನಡುವೆ ಫೋನು ಬಂದರೂ ಎತ್ತಲಿಲ್ಲ.

"ನೀರಣ್ಣ, ಹೊಸ ರಸ್ತೆ ಐದು ವರ್ಷ ಅಗೆಯೋ ಹಾಗಿಲ್ಲ. ಅದು ರಸ್ತೆ ಇಲಾಖೆಯವರ ನಿಯಮ. ಆದ್ರೂ ನಾನು ಬರೀತೀನಿ. ಮೊದಲು ಜಾಗ ಪತ್ತೆ ಮಾಡಿಸೋಣ, ಲೋಹ ಹುಡುಕೋ ಯಂತ್ರ ಇದೆಯಲ್ಲ."

ಯಂತ್ರ ಬಂತು. ಕಾಂಕ್ರೀಟಿನೊಳಗೆ ಉದ್ದಕ್ಕೂ ಕಂಬಿ ಹೆಣೆದಿದ್ದರಿಂದ ಅದು ಇಟ್ಟಲ್ಲೆಲ್ಲ ಕೂಗಿತು. "ಇದಕ್ಕೆ ನಿಮ್ಮ ರಸ್ತೆಯೆಲ್ಲ ವಾಲ್ವೇ," ಎಂದು ತಂದವನು ಗಂಟು ಕಟ್ಟಿದ. ನೀರಣ್ಣ ತನಗೆ ತಿಳಿದ ವಿದ್ಯೆ ನೋಡಿದ: ಕೀಲಿಯ ಒಂದು ತುದಿ ನೆಲಕ್ಕೂರಿ, ಇನ್ನೊಂದಕ್ಕೆ ಕಿವಿಯಿಟ್ಟ. ನೆಲದಡಿ ನೀರು ಹರಿಯುತ್ತಿದ್ದರೆ ಹಾಗೆ ಕೇಳುತ್ತದೆ, ದೂರದಲ್ಲಿ ಯಾರೋ ಪಿಸುಗುಟ್ಟಿದಂತೆ. ಆದರೆ ಹರಿಯುವ ನೀರಿಗೆ ದನಿ. ನಿಂತ ನೀರಿಗೆ ಎಲ್ಲಿಯ ದನಿ?

ಎರಡು ತಿಂಗಳ ಮೇಲೆ ಅನುಮತಿ ಬಂತು. ಇಂಜಿನಿಯರಮ್ಮ ಅದಕ್ಕಾಗಿ ಎಷ್ಟು ಸಲ ಮೇಲಿನ ಮಹಡಿ ಹತ್ತಿದ್ದಳೋ. "ಒಂದೇ ಗುಂಡಿ, ನೀರಣ್ಣ. ಒಂದು ಮೀಟರ್ ಚೌಕ. ಒಂದೇ ದಿನ. ಸಂಜೆ ಅವರೇ ಮುಚ್ಚಿ ಫೋಟೋ ತೆಗೀತಾರೆ. ರಸ್ತೆ ಉದ್ಘಾಟನೆ ಹತ್ತಿರ ಇದೆ, ಇನ್ನೊಂದು ಸಲ ನನ್ನ ಮಾತು ನಡೆಯೋಲ್ಲ. ಜಾಗ ಗಟ್ಟಿ ಗೊತ್ತಾ?"

"ಪುಸ್ತಕ ಇದೆ ಮೇಡಂ. ಅದು ಎಂದೂ ತಪ್ಪಿಲ್ಲ."

ಅಂದು ಬೆಳಗ್ಗೆ ಅವನು ಗೂಡಿನ ಮುಂದೆ ಕೈಮುಗಿದು ನಿಂತು, ದೇವರ ಹೆಸರು ಹೇಳಿ, ನೋಟುಬುಕ್ಕು ತೆಗೆದು ಅಂಗಿಯೊಳಗೆ ಇಟ್ಟುಕೊಂಡ. ಗಿರಣಿಯ ಮುಂಭಾಗವನ್ನು ರಸ್ತೆಗಾಗಿ ಕೆಡವಿದ್ದರು, ಮೆಟ್ಟಿಲೂ ಹೋಗಿತ್ತು. ಆದರೆ ಗಿರಣಿಯವನಿಗೆ ತನ್ನ ಮೆಟ್ಟಿಲಿನ ಜಾಗ ನಿದ್ದೆಯಲ್ಲೂ ಗೊತ್ತು. "ಇಲ್ಲೇ, ಈ ಗೋಡೆ ಮೂಲೆಗೆ ಸರಿಯಾಗಿ," ಎಂದು ನಿಂತು ತೋರಿಸಿದ. ಅಲ್ಲಿಂದ ನೀರಣ್ಣ ಏರಿನ ಕಡೆಗೆ ಹೆಜ್ಜೆ ಎಣಿಸಿದ. ನಲವತ್ತೆರಡು. ನಿಂತು ಯೋಚಿಸಿದ. ಇದನ್ನು ಅಳೆದಾಗ ತಾನು ಮೂವತ್ತರ ಆಸುಪಾಸಿನ ಗಂಡಸು, ದಾಪುಗಾಲು. ಈಗ ಅರವತ್ತರ ಕಾಲು, ಅದೂ ಈಚೆಗೆ ಎತ್ತಿಡಲೇ ಮನಸ್ಸಿಲ್ಲದ ಕಾಲು. ಅಂದಿನ ಹೆಜ್ಜೆ ಉದ್ದವಾಗಿರಬೇಕು. ಮೂರು ಹೆಜ್ಜೆ ಮುಂದೆ ಹೋಗಿ ಸುಣ್ಣದಿಂದ ಗುರುತು ಹಾಕಿದ.

ಕತ್ತರಿಸುವ ಯಂತ್ರ ಬಿಳಿ ದೂಳೆಬ್ಬಿಸಿತು. ಮೇಲಿನ ಬೀದಿಯ ಹೆಂಗಸರು ಕೊಡ ಬದಿಗಿಟ್ಟು ಸುತ್ತ ನಿಂತರು. "ಇವತ್ತು ಸ್ನಾನಕ್ಕೆ ಎರಡೆರಡು ಬಿಂದಿಗೆ," ಎಂದಳು ಒಬ್ಬಳು. "ನಿನ್ನ ಗಂಡನಿಗೆ ಮೂರು ಬೇಕು, ಅಷ್ಟು ದಿನದ ಕೊಳೆಯಿದೆ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಎಷ್ಟು ದಿನವಾಗಿತ್ತು ಆ ಬೀದಿ ಹಾಗೆ ನಕ್ಕು.

ಕಾಂಕ್ರೀಟಿನ ಕೆಳಗೆ ಜಲ್ಲಿ. ಜಲ್ಲಿಯ ಕೆಳಗೆ ಕೆಂಪು ಮಣ್ಣು. ಮಣ್ಣಿನ ಕೆಳಗೆ ಮಣ್ಣು. ಸೊಂಟದ ಆಳಕ್ಕೆ ಇಳಿದು ನೀರಣ್ಣ ತಾನೇ ಗೋಡೆಗಳನ್ನು ಕೀಲಿಯಿಂದ ಕುಟ್ಟಿದ. ನಾಲ್ಕು ಕಡೆಯಿಂದಲೂ ದಬ್ ದಬ್ ಎಂದು ಹಸಿ ಮಣ್ಣಿನ ಸದ್ದು. ಠಣ್ ಎನ್ನಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ರಸ್ತೆ ಇಲಾಖೆಯವರು ಬಂದು ಗುಂಡಿ ಮುಚ್ಚಿ, ಅದರ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದುಕೊಂಡರು.

ಮಾರನೆಯ ದಿನ ಊಟದ ತಟ್ಟೆಯ ಮುಂದೆ ಅವನು ಕಲಸಿದ್ದನ್ನೇ ಕಲಸುತ್ತ ಕೂತಿದ್ದ. "ಪುಸ್ತಕ ಸುಳ್ಳಾಯ್ತಲ್ಲ ಅಕ್ಕ," ಎಂದ. "ಅವಳು ಬರೆದದ್ದು. ನಲವತ್ತೆರಡು ಅಂತಲೇ ಇದೆ. ನಾನು ನಡೆದೆ, ವಯಸ್ಸಾಯ್ತು ಅಂತ ಮೂರು ಸೇರಿಸಿಯೂ ನಡೆದೆ."

ಅಕ್ಕ ತಲೆಯೆತ್ತಿದಳು. "ಗಿರಣಿ ಹತ್ರದ್ದಾ? ಅದನ್ನ ನೀನೆಲ್ಲಿ ನಡೆದೆ?"

"ಅಂದ್ರೆ?"

"ನಿನ್ನ ಕಾಲ ಮೇಲೆ ಮುಚ್ಚಳ ಬಿದ್ದು ಹೆಬ್ಬೆರಳು ಜಜ್ಜಿತ್ತಲ್ಲೋ, ನಾನು ನೋಡೋಕೆ ಬಂದಿದ್ದೆ. ಪಟ್ಟಿ ಕಟ್ಟಿಕೊಂಡು ಗಿರಣಿ ಮೆಟ್ಟಿಲ ಮೇಲೆ ರಾಜನ ಹಾಗೆ ಕೂತಿದ್ದೆ ನೀನು. ನಡೆದೋಳು ಅವಳು. ಆಗಿನ್ನೂ ಹೊಸ ಮದುವಣಗಿತ್ತಿ. ಗಿರಣಿಗೆ ಬಂದೋರೆಲ್ಲ ನೋಡ್ತಾರೆ ಅಂತ ನಾಚ್ಕೊಂಡು ಇಷ್ಟಿಷ್ಟೇ ಹೆಜ್ಜೆ ಇಟ್ಟು ಜೋರಾಗಿ ಎಣಿಸಿದ್ಲು."

ನೀರಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಆ ಚಿತ್ರ ಅವನ ಕಣ್ಣಮುಂದೆ ಯಾವಾಗಲೂ ಇತ್ತು. ಬಿಸಿಲು, ಮೆಟ್ಟಿಲು, ಬೆನ್ನು ತೋರಿಸಿ ಏರು ಹತ್ತಿ ಹೋಗುತ್ತಿರುವ ಹೆಂಗಸು. ಈ ಮೂರು ತಿಂಗಳಲ್ಲಿ ದಿನವೂ ಅದನ್ನೇ ನೋಡಿದ್ದ. ಅವಳನ್ನು ನೋಡಿದ್ದನೇ ಹೊರತು ಅವಳು ಏನು ಮಾಡುತ್ತಿದ್ದಳೆಂದು ನೋಡಿರಲಿಲ್ಲ.

ನಲವತ್ತೆರಡು ಅವನ ಹೆಜ್ಜೆಯಲ್ಲ. ಅವಳದು. ಹಿಂದಕ್ಕೆ ಬರಬೇಕಾದ ಕಡೆ ಅವನು ಮುಂದಕ್ಕೆ ಹೋಗಿದ್ದ.

"ಅವಳ ಹೆಜ್ಜೆ ಎಷ್ಟುದ್ದ ಅಂತ ಈಗ ಯಾರನ್ನ ಕೇಳ್ಲಿ ಅಕ್ಕ?"

ಅಕ್ಕ ಅಡುಗೆಮನೆಯ ಹೊಸಿಲ ಕಡೆ ತಿರುಗಿದಳು. "ಅಡುಗೆಮನೆ ಹೊಸಿಲಿಂದ ಬೀದಿ ಕಡೆಯ ನಮ್ಮ ನಲ್ಲಿಗೆ ಇಪ್ಪತ್ತೊಂದು," ಎಂದಳು. "ದಿನಾ ಕೊಡ ಹೊತ್ತು ಎಣಿಸ್ತಿದ್ಲಲ್ಲ. ಯಾಕೆ ಹಾಗೆ ಎಣಿಸ್ತೀಯೇ ಅಂದ್ರೆ, ಅಭ್ಯಾಸ ಆಗ್ಬಿಟ್ಟಿದೆ ಅತ್ತಿಗೆ ಅಂತಿದ್ಲು. ಹೋದ ವರ್ಷದವರೆಗೂ ಇಪ್ಪತ್ತೊಂದೇ. ಒಂದು ದಿನ ಹೆಚ್ಚಲ್ಲ, ಕಡಿಮೆಯಲ್ಲ. ಹೊಸದಾಗಿ ಬಂದಾಗ ಹೇಗೋ, ಕೊನೇವರೆಗೂ ಹಾಗೇ."

ನೀರಣ್ಣ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದ. ಒಂದು ತುದಿಯನ್ನು ಅಕ್ಕ ಹೊಸಿಲ ಮೇಲೆ ಒತ್ತಿ ಹಿಡಿದಳು. ಇನ್ನೊಂದನ್ನು ಅವನು ನಲ್ಲಿಯವರೆಗೆ ಎಳೆದು ಗಂಟು ಹಾಕಿದ. ನಲವತ್ತೆರಡಕ್ಕೆ ಅದರ ಎರಡು ಪಟ್ಟು. ಆ ಹಗ್ಗ ಹಿಡಿದು ಗಿರಣಿಗೆ ಹೋಗಿ, ಗಿರಣಿಯವನನ್ನು ಮೂಲೆಯಲ್ಲಿ ನಿಲ್ಲಿಸಿ, ಒಮ್ಮೆ ಎಳೆದ. ಗಂಟು ಬಂದಲ್ಲಿಂದ ಮತ್ತೊಮ್ಮೆ ಎಳೆದ. ಅದು ಬಂದು ನಿಂತದ್ದು ಮುಚ್ಚಿದ ಗುಂಡಿಯಿಂದ ಹನ್ನೆರಡು ಮಾರು ಕೆಳಗಲ್ಲ, ನೂರು ಅಡಿ ಆಚೆಯಲ್ಲ. ಒಬ್ಬ ಮನುಷ್ಯ ಎರಡು ಸಲ ಉದ್ದಕ್ಕೆ ಮಲಗಿದರೆ ಆಗುವಷ್ಟು ದೂರ, ಇಳಿಜಾರಿನ ಕಡೆಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಇದೇ ಕಣೋ," ಎಂದ ನೀರಣ್ಣ. ಕಣ್ಣಲ್ಲಿ ನೀರು ತುಂಬಿ ರಸ್ತೆ ಕಾಣಲಿಲ್ಲ. "ಇದೇ. ಅವಳು ತಪ್ಪು ಬರೆದಿರಲಿಲ್ಲ."

ಅವನು ಅಲ್ಲಿಂದಲೇ ಕಚೇರಿಗೆ ಹೋದ. ಇಂಜಿನಿಯರಮ್ಮ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳು ನಗಲಿಲ್ಲ; ಅವನನ್ನು ನಂಬಿದಳು. ನಂಬಿದ್ದೇ ಅವನಿಗೆ ಹೆಚ್ಚು ಕಷ್ಟವಾಯಿತು. ಅವನೆದುರಿಗೇ ಮೇಲಿನ ಮಹಡಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದಳು:

"ಒಮ್ಮೆ ಕೊಟ್ಟಾಗಿದೆ ಅಂತಾರೆ. ಹೆಂಡತಿ ಹೆಜ್ಜೆ ಅಂತ ಕಾರಣ ಬರೆಯೋಕಾಗುತ್ತಾ ಅಂತಾರೆ. ಮುಂದಿನ ವಾರ ಉದ್ಘಾಟನೆ. ಆಮೇಲೆ ಐದು ವರ್ಷ ಗುತ್ತಿಗೆದಾರನ ಹೊಣೆ. ಬೇರೆಯವರು ಮುಟ್ಟಿದ್ರೆ ಅವನು ಹೊಣೆ ಬಿಡ್ತಾನಂತೆ. ಮೇಲಿನ ಬೀದಿಗೆ ಎರಡನೇ ಹಂತದಲ್ಲಿ ಹೊಸ ಪೈಪು ಹಾಕ್ತಾರೆ, ನೀರಣ್ಣ. ಪಟ್ಟಿಯಲ್ಲಿ ಸೇರಿಸಿದೀನಿ. ಮೊದಲನೇ ಹೆಸರೇ ನಿಮ್ಮ ಬೀದೀದು."

"ಎರಡನೇ ಹಂತ ಯಾವಾಗ ಮೇಡಂ?"

ಅವಳು ಮೇಜಿನ ಮೇಲಿದ್ದ ಮುರಿದ ನಲ್ಲಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು. "ನನಗೆ ಗೊತ್ತಿದ್ರೆ ನಿಮಗೆ ಹೇಳ್ತಿರ್ಲಿಲ್ವಾ?"

"ಒಡೆದುಬಿಡಣ್ಣ, ನಾವೆಲ್ಲ ಇದೀವಿ," ಎಂದ ಗಿರಣಿಯವನು. ಯಾವುದರಿಂದ ಒಡೆಯುವುದು? ಗೇಣು ದಪ್ಪದ ಕಾಂಕ್ರೀಟು, ಒಳಗೆ ಕಂಬಿ. ಮೂವತ್ತಾರು ವರ್ಷದಲ್ಲಿ ನೀರಣ್ಣ ಅಪ್ಪಣೆಯಿಲ್ಲದೆ ಒಂದು ಮುಚ್ಚಳ ಎತ್ತಿದವನಲ್ಲ. ಆದರೂ ಒಂದು ದಿನ ಕೀಲಿಯಿಂದ ಎರಡೇಟು ಹೊಡೆದ. ರಸ್ತೆಯ ಮೇಲೆ ಉಗುರಿನಷ್ಟು ಬಿಳಿ ಚುಕ್ಕೆ ಎದ್ದಿತು. ಕೈ ಮೊಣಕೈವರೆಗೆ ಜುಮ್ಮೆಂದಿತು.

ಉದ್ಘಾಟನೆ ಚೆನ್ನಾಗಿಯೇ ನಡೆಯಿತು. ಅಕ್ಕ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿದಳು. "ಮಗಳ ಮನೆಗೆ ಹೋಗ್ತೀನೋ ತಮ್ಮ. ನೀರಿಗಲ್ಲ, ಮಂಡಿಗೆ," ಎಂದಳು. ಅವನು ಆಟೋದವರೆಗೆ ಹೋಗಿ ಗಂಟು ಇಟ್ಟು ಬಂದ. ಬೀದಿಯಲ್ಲಿ ಅದಾಗಲೇ ಏಳೆಂಟು ಮನೆಗೆ ಬೀಗ ಬಿದ್ದಿತ್ತು. ಅದೇ ತಿಂಗಳು ಅವನ ಕೆಲಸವೂ ಮುಗಿಯಿತು. ಕೀಲಿ ಹಿಂದಿರುಗಿಸಲು ಹೋದರೆ ಉಗ್ರಾಣದವನು, "ಈ ನಮೂನೆ ಈಗ ಪಟ್ಟಿಯಲ್ಲೇ ಇಲ್ಲ, ನೀವೇ ಇಟ್ಕೊಳ್ಳಿ," ಎಂದ.

ಈಗಲೂ ಬೆಳಗ್ಗೆ, ಮೇಲಿನ ಬೀದಿಗೆ ನೀರು ಬಿಡುತ್ತಿದ್ದ ಹೊತ್ತಿಗೆ, ನೀರಣ್ಣ ಕೀಲಿ ಹಿಡಿದು ಇಳಿದು ಬರುತ್ತಾನೆ. ಗಿರಣಿಯ ಮೂಲೆಯಿಂದ ಹೊರಟು, ಇಷ್ಟಿಷ್ಟೇ ಹೆಜ್ಜೆ ಇಟ್ಟು, ಬಾಯಲ್ಲೇ ಎಣಿಸುತ್ತ ಏರುತ್ತಾನೆ. ನಲವತ್ತೆರಡಕ್ಕೆ ನಿಲ್ಲುತ್ತಾನೆ. ಅವನ ಕಾಲ ಕೆಳಗೆ, ಸೊಂಟದ ಆಳದಲ್ಲಿ, ದಿಣ್ಣೆಯ ತೊಟ್ಟಿಯಿಂದ ಬಂದ ನೀರು ಅವನು ಮುಚ್ಚಿದ ವಾಲ್ವಿಗೆ ಹಣೆಯೊತ್ತಿ ನಿಂತಿದೆ. ಅವನು ಬಗ್ಗಿ ಕೀಲಿಯ ತುದಿಯನ್ನು ರಸ್ತೆಗೂರಿ, ಹಿಡಿಗೆ ಕಿವಿಯಿಡುತ್ತಾನೆ. ನಿಂತ ನೀರಿಗೆ ದನಿಯಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

ಹಿಂದಿನಿಂದ ಕಾರಿನವನು ಹಾರನ್ ಒತ್ತುತ್ತಾನೆ. ನೀರಣ್ಣ ಕೀಲಿ ಎತ್ತಿಕೊಂಡು ಬದಿಗೆ ಸರಿಯುತ್ತಾನೆ.